ಘಟ್ಟ ಏರುವಾಗ ನಿಂತುಬಿಡುವ 1994ರ ಬುಲೆಟ್: ದೋಷ ಕಿಡಿಯಲ್ಲೋ, ಪೆಟ್ರೋಲಿನಲ್ಲೋ?

ಕೊಥ್ರೂಡಿನ ಧಾರವಾಡಿಗ (ಪುಣೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಬೀಡುಕಬ್ಬಿಣದ ಎಂಜಿನ್ನಿನ, ಬಲಗಾಲಿನಲ್ಲಿ ಗೇರು ಹಾಕುವ 1994ರ ಬುಲೆಟ್ 350. ಧಾರವಾಡದಿಂದ ಹಳಿಯಾಳದ ಶಾಲೆಗೆ ಹೋಗಿಬರಲೆಂದು ನಮ್ಮ ತಂದೆಯವರು ಕೊಂಡಿದ್ದ ಗಾಡಿ ಇದು. ಅವರು ನಿವೃತ್ತರಾದ ಮೇಲೆ ನಾಲ್ಕು ವರ್ಷ ಗೋಣಿತಟ್ಟು ಹೊದ್ದುಕೊಂಡು ಹಿತ್ತಲಿನಲ್ಲಿ ನಿಂತಿತ್ತು. 2016ರಲ್ಲಿ ಊರಿನಲ್ಲಿಯೇ ಟ್ಯಾಂಕಿನ ತುಕ್ಕು ತೆಗೆಸಿ, ಎಂಜಿನ್ ಬಿಚ್ಚಿಸಿ ಹೊಸ ರಿಂಗು ಹಾಕಿಸಿ ಪುಣೆಗೆ ತಂದುಕೊಂಡೆ. ಅಂದಿನಿಂದ ಪ್ರತಿ ವರ್ಷ ನಾಗರ ಪಂಚಮಿಗೆ ಇದರ ಮೇಲೆಯೇ ಊರಿಗೆ ಹೋಗುತ್ತೇನೆ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಮಾರ್ಗವಾಗಿ ಸುಮಾರು 420 ಕಿಲೋಮೀಟರ್. ಗಂಟೆಗೆ 60ರಿಂದ 65ರ ವೇಗ ಬಿಟ್ಟು ನಾನು ಮೇಲಕ್ಕೆ ಹೋಗುವವನಲ್ಲ.

ತೊಂದರೆ ಹೀಗಿದೆ. ಊರೊಳಗೆ ಗಾಡಿ ಗಡಿಯಾರದಂತೆ ಓಡುತ್ತದೆ. ಆದರೆ ಕಳೆದ ದೀಪಾವಳಿಯಿಂದ ಈಚೆಗೆ ಮೂರು ಸಲ, ಪುಣೆ ಬಿಟ್ಟು ಅರವತ್ತು ಎಪ್ಪತ್ತು ಕಿಲೋಮೀಟರ್ ಬಂದು ಖಂಬಾಟಕಿ ಘಟ್ಟ ಏರುವಾಗ, ಮೊದಲು ಎಳೆತ ಕಡಿಮೆಯಾಗಿ, ಎರಡು ಮೂರು ಸಲ ಕೆಮ್ಮಿದಂತೆ ಮಾಡಿ ನಿಂತುಬಿಟ್ಟಿದೆ. ಒಂದು ಸಲ ಪೆಟ್ರೋಲ್ ಕಾಕನ್ನು ರಿಸರ್ವ್‌ಗೆ (ಟ್ಯಾಂಕಿನ ತಳದ ಮೀಸಲು ಪೆಟ್ರೋಲಿಗೆ) ತಿರುಗಿಸಿದಾಗ ಇನ್ನೂ ಮೂರು ಕಿಲೋಮೀಟರ್ ಓಡಿ ಮತ್ತೆ ನಿಂತಿತು. ಬದಿಗೆ ಹಚ್ಚಿ ಇಪ್ಪತ್ತು ನಿಮಿಷ ತಣ್ಣಗಾಗಲು ಬಿಟ್ಟರೆ ಮೊದಲನೆಯ ಒದೆತಕ್ಕೇ ಎದ್ದು, ಏನೂ ಆಗಿಯೇ ಇಲ್ಲವೆಂಬಂತೆ ಸಾತಾರಾವರೆಗೆ ಹೋಗುತ್ತದೆ. ಇಲ್ಲಿನ ಇಬ್ಬರು ಮೇಸ್ತ್ರಿಗಳು ಇದು ಬಿಸಿಗೆ ಸಂಬಂಧಿಸಿದ ಕಾಯಿಲೆಯೆಂದು ಹೇಳಿ, ಕಿಡಿ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಮೂರನ್ನೂ ಬದಲಿಸಿದ್ದಾರೆ. ಹಣ ಹೋಯಿತು, ಕಾಯಿಲೆ ಹೋಗಲಿಲ್ಲ. ಪಂಚಮಿಗೆ ಇನ್ನು ಐದು ವಾರವಿದೆ. ಅನುಭವಿಗಳು ದಾರಿ ತೋರಿಸಬೇಕು.

ಡೊಂಬಿವಲಿಯ ಹಳೇ ಫಿಟ್ಟರ್ (ಮುಂಬೈ)

ಮೊದಲು ಒಂದು ಮಾತು. ಬಿಡಿಭಾಗ ಬದಲಿಸುವುದು ರೋಗಪರೀಕ್ಷೆಯಲ್ಲ. ಮೇಸ್ತ್ರಿಗಳು ಕಂಡೆನ್ಸರನ್ನು ಸಂಶಯಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಏಕೆಂದರೆ ನೀವು ಹೇಳಿದ ಲಕ್ಷಣವನ್ನು ಕೇಳಿದ ಯಾರಿಗಾದರೂ ಮೊದಲು ನೆನಪಾಗುವುದು ಅದೇ. ಕಂಡೆನ್ಸರ್ ಕೆಟ್ಟರೆ ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಸೋರತೊಡಗುತ್ತದೆ, ಪಾಯಿಂಟುಗಳ ನಡುವೆ ನೀಲಿ ಕಿಡಿ ಹಾರುತ್ತದೆ, ಪ್ಲಗ್ಗಿಗೆ ತಲುಪಬೇಕಾದ ಕಿಡಿ ಬಡವಾಗುತ್ತದೆ. ಆದರೆ ಹೊಸ ಕಂಡೆನ್ಸರ್ ಹಾಕಿದ ಮೇಲೂ ಅದೇ ಜಾಗದಲ್ಲಿ ಗಾಡಿ ನಿಲ್ಲುತ್ತಿದ್ದರೆ, ಇನ್ನೊಂದು ಕಂಡೆನ್ಸರ್ ತರುವ ಮೊದಲು ಸಾಕ್ಷಿ ಸಂಗ್ರಹಿಸಬೇಕು.

ಮುಂದಿನ ಸಲ ನಿಂತಾಗ ತಣ್ಣಗಾಗಲು ಬಿಡಬೇಡಿ. ತಕ್ಷಣ, ಒಂದು ನಿಮಿಷದೊಳಗೆ ಮೂರು ಕೆಲಸ ಮಾಡಿ. ಜೇಬಿನಲ್ಲಿ ಬೇರೊಂದು ಒಳ್ಳೆಯ ಪ್ಲಗ್ ಇಟ್ಟುಕೊಂಡಿರಿ. ಅದನ್ನು ಕ್ಯಾಪಿಗೆ ಸಿಕ್ಕಿಸಿ ಸಿಲಿಂಡರ್ ಹೆಡ್ಡಿನ ರೆಕ್ಕೆಗೆ ತಾಗಿಸಿ ಕಿಕ್ ಒತ್ತಿ ನೋಡಿ, ಹಗಲಿನಲ್ಲಿಯೂ ಕಾಣುವ ದಪ್ಪ ಕಿಡಿ ಬಂದರೆ ವಿದ್ಯುತ್ತಿನ ಭಾಗ ನಿರಪರಾಧಿ. ಅಂದಹಾಗೆ, ಪ್ಲಗ್ಗಿನ ಸುತ್ತ ಪೆಟ್ರೋಲ್ ಚೆಲ್ಲಿರಬಾರದು, ಅದನ್ನು ನಾನು ಹೇಳಬೇಕಾಗಿಲ್ಲವೆಂದು ಭಾವಿಸುತ್ತೇನೆ. ಎರಡನೆಯದಾಗಿ ಟ್ಯಾಂಕಿನ ಮುಚ್ಚಳ ತೆರೆಯುವಾಗ ಕಿವಿಗೊಡಿ. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸುತ್ತದೆ. ಮೂರನೆಯದಾಗಿ ಕಾರ್ಬುರೇಟರಿನ ಕೆಳಗಿನ ಬಿರಡೆ ಬಿಚ್ಚಿ, ಫ್ಲೋಟ್ ಬೌಲಿನಲ್ಲಿ (ಪೆಟ್ರೋಲ್ ಬಂದು ನಿಲ್ಲುವ ಬಟ್ಟಲಿನಲ್ಲಿ) ಎಷ್ಟು ಪೆಟ್ರೋಲ್ ಇದೆಯೆಂದು ಸಣ್ಣ ಡಬ್ಬಿಯಲ್ಲಿ ಹಿಡಿದು ನೋಡಿ. ಈ ಮೂರರ ಉತ್ತರ ಬಂದರೆ ಮುಂದೆ ಮಾತಾಡೋಣ. ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ 0.35ರಿಂದ 0.40 ಮಿಲಿಮೀಟರ್ ಇಟ್ಟಿದ್ದಾರೆಯೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಕಣ್ಣಂದಾಜಿನಲ್ಲಿ ಇಡುವ ಮೇಸ್ತ್ರಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ವಾಸ್ಕೋದ ಯೆಜ್ಡಿ (ಗೋವಾ)

ಫಿಟ್ಟರ್ ರಾಯರ ಮಾತಿಗೆ ಎದುರಾಡುತ್ತಿಲ್ಲ, ಆದರೆ ಎಲ್ಲರೂ ಎಂಜಿನ್ ನೋಡುತ್ತಿದ್ದಾರೆ, ಪೆಟ್ರೋಲನ್ನು ಯಾರೂ ನೋಡುತ್ತಿಲ್ಲ. 2023ರಲ್ಲಿ ಆಯ್ದ ಪಂಪುಗಳಲ್ಲಿ ಶುರುವಾದ ಶೇಕಡಾ 20ರ ಎಥನಾಲ್ ಪೆಟ್ರೋಲ್ ಈಗ ಎಲ್ಲೆಡೆಯೂ ಬಂದಿದೆ, 1994ರ ಗಾಡಿ ಅದಕ್ಕಾಗಿ ಹುಟ್ಟಿದ್ದಲ್ಲ. ನನ್ನದು ಮೈಸೂರಿನಲ್ಲಿ ತಯಾರಾದ 1986ರ ಯೆಜ್ಡಿ ರೋಡ್‌ಕಿಂಗ್. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಇನ್ನೂ ಅನಮೋಡ ಘಟ್ಟ ಹತ್ತಿ ವಿಜಯಪುರಕ್ಕೆ ಹೋಗಿಬರುತ್ತದೆ. ಕಳೆದ ಎರಡು ಮಳೆಗಾಲಗಳಲ್ಲಿ ನಾನು ಪಟ್ಟ ಪಾಡು ಹೇಳುತ್ತೇನೆ.

ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಮಿತಿ ಮೀರಿ ನೀರು ಸೇರಿದರೆ ನೀರು ಮತ್ತು ಎಥನಾಲ್ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಎಳೆದುಕೊಳ್ಳುವುದು ಆ ತಳದಿಂದಲೇ. ನಾಲ್ಕು ಸ್ಟ್ರೋಕಿನ ಗಾಡಿಯಾದರೆ ಕೆಮ್ಮಿ ನಿಲ್ಲುತ್ತದೆ, ಅಷ್ಟೆ. ನಮ್ಮ ಎರಡು ಸ್ಟ್ರೋಕಿನವರ ಗತಿ ಬೇರೆ: ಲೀಟರಿಗೆ 40 ಮಿಲಿಲೀಟರಿನಂತೆ ನಾನು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿದು, ಎಂಜಿನ್ನಿಗೆ ಜಿಡ್ಡಿಲ್ಲದ ನೀರು ಮಾತ್ರ ಸಿಗುತ್ತದೆ. ಅದಕ್ಕೇ ವಾಸ್ಕೋದ ಮಳೆಯಲ್ಲಿ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಕಂಠಮಟ್ಟ ತುಂಬಿಸಿಯೇ ನಿಲ್ಲಿಸುತ್ತೇನೆ. ಖಾಲಿ ಜಾಗ ಕಡಿಮೆಯಿದ್ದಷ್ಟು ಒಳಗಿನ ಗಾಳಿಯೂ ಅದರ ತೇವವೂ ಕಡಿಮೆ.

ಧಾರವಾಡಿಗರ ವಿಷಯದಲ್ಲಿ ನನ್ನ ಅನುಮಾನವೆಂದರೆ, ಬಿಸಿಗೆ ಪೆಟ್ರೋಲ್ ಪೈಪಿನಲ್ಲಿಯೇ ಆವಿಯಾಗಿ ಹರಿವು ತಡೆಯುತ್ತಿದೆ. ಎಥನಾಲ್ ಕುದಿಯುವುದು 78 ಡಿಗ್ರಿಗೆ. ಬೀಡುಕಬ್ಬಿಣದ ಎಂಜಿನ್ ಘಟ್ಟದಲ್ಲಿ ಎಷ್ಟು ಕಾಯುತ್ತದೆಂದು ಮೊಣಕಾಲು ಸುಟ್ಟುಕೊಂಡವರಿಗೆ ಗೊತ್ತು.

ಡೊಂಬಿವಲಿಯ ಹಳೇ ಫಿಟ್ಟರ್ (ಮುಂಬೈ)

ನೀರಿನ ವಿಷಯ ಒಪ್ಪಿದೆ, ಆವಿಯ ವಿಷಯ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬುಲೆಟ್ಟಿನಲ್ಲಿ ಪೆಟ್ರೋಲ್ ತನ್ನ ತೂಕದಿಂದಲೇ ಕೆಳಗಿಳಿಯುತ್ತದೆ, ಪೈಪು ಒಂದು ಗೇಣು ಕೂಡ ಇಲ್ಲ, ಹುಟ್ಟಿದ ಗುಳ್ಳೆ ಮೇಲಕ್ಕೆ ಟ್ಯಾಂಕಿಗೆ ಹೋಗುತ್ತದೆ. ಮೇಲಾಗಿ ಆವಿ ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಬಿಸಿ ಎಂಜಿನ್ನನ್ನು ನಿಲ್ಲಿಸಿದ ಮೇಲೆ, ಓಡುವಾಗ ಅಲ್ಲ. ಆದರೂ ಪರೀಕ್ಷೆ ಸುಲಭ: ಗಾಡಿ ನಿಂತಾಗ ಒದ್ದೆ ಬಟ್ಟೆಯನ್ನು ಪೈಪಿಗೂ ಕಾರ್ಬುರೇಟರಿಗೂ ಸುತ್ತಿ. ಎರಡೇ ನಿಮಿಷಕ್ಕೆ ಎದ್ದರೆ ವಾಸ್ಕೋದವರು ಗೆದ್ದರು.

ಕಲಿಯುತ್ತಿರುವವಳು (ಠಾಣೆ)

ನಾನು ಈ ಚರ್ಚೆಯಲ್ಲಿ ಹೊಸಬಳು. ನನ್ನ ಸೋದರಮಾವ ಕೊಟ್ಟ 1998ರ ಬುಲೆಟ್ ಈಗಷ್ಟೇ ಶಿವಮೊಗ್ಗದಿಂದ ಬಂದಿದೆ, ಒಂದು ಮೇಲಕ್ಕೆ ಮೂರು ಕೆಳಕ್ಕೆ ಎಂಬ ಗೇರಿನ ಲೆಕ್ಕವೇ ನನ್ನ ಕಾಲಿಗೆ ಇನ್ನೂ ಬಾಯಿಪಾಠವಾಗಿಲ್ಲ. ಆದ್ದರಿಂದ ನನ್ನ ಪ್ರಶ್ನೆ ಬಾಲಿಶವಾಗಿದ್ದರೆ ಕ್ಷಮಿಸಿ.

ಧಾರವಾಡದವರು ಮೊದಲ ಬರಹದಲ್ಲಿ, ರಿಸರ್ವ್‌ಗೆ ತಿರುಗಿಸಿದಾಗ ಇನ್ನೂ ಮೂರು ಕಿಲೋಮೀಟರ್ ಓಡಿತು ಎಂದು ಬರೆದಿದ್ದಾರೆ. ಪುಣೆಯಿಂದ ಹೊರಡುವಾಗ ಟ್ಯಾಂಕ್ ತುಂಬಿಸಿಕೊಂಡೇ ಹೊರಟಿರುತ್ತಾರಲ್ಲವೇ? ಅರವತ್ತು ಕಿಲೋಮೀಟರಿಗೆ ಹದಿನಾಲ್ಕು ಲೀಟರಿನ ಟ್ಯಾಂಕ್ ಖಾಲಿಯಾಗುವುದಿಲ್ಲ. ಕಿಡಿ ಬಾರದೆ ನಿಂತಿದ್ದರೆ, ಅಥವಾ ಎಂಜಿನ್ ಕಾದು ನಿಂತಿದ್ದರೆ, ರಿಸರ್ವ್‌ಗೆ ತಿರುಗಿಸಿದ್ದರಿಂದ ಏನು ಬದಲಾಯಿತು?

ಭೋಸರಿ ಲೇತ್ (ಪುಣೆ)

ತಂಗಿ, ಇದು ಬಾಲಿಶ ಪ್ರಶ್ನೆಯಲ್ಲ. ಇದನ್ನು ನಾನು ಎರಡು ಸಲ ಓದಿಯೂ ದಾಟಿಹೋಗಿದ್ದೆ ಎಂಬುದಕ್ಕೆ ನಾಚಿಕೆಯಾಗುತ್ತಿದೆ.

ಪೆಟ್ರೋಲ್ ಕಾಕ್ ಬಿಚ್ಚಿ ನೋಡಿದವರಿಗೆ ತಿಳಿದಿರುತ್ತದೆ: ಟ್ಯಾಂಕಿನೊಳಗೆ ಒಂದು ಎತ್ತರದ ಕೊಳವೆ, ಬುಡದಲ್ಲಿ ಒಂದು ತೂತು, ಸುತ್ತಲೂ ಸೊಳ್ಳೆಪರದೆಯಂಥ ಸಣ್ಣ ಜಾಲರಿ ಇರುತ್ತದೆ. ಮೇನ್‌ನಲ್ಲಿದ್ದಾಗ ಪೆಟ್ರೋಲ್ ಕೊಳವೆಯ ತುದಿಯಿಂದ ಬರುತ್ತದೆ, ರಿಸರ್ವ್‌ನಲ್ಲಿ ಬುಡದ ತೂತಿನಿಂದ. ಮೇಲಿನ ಜಾಲರಿ ಕಟ್ಟಿಕೊಂಡು ಕೆಳಗಿನ ಭಾಗ ಇನ್ನೂ ತೆರೆದಿದ್ದರೆ ರಿಸರ್ವ್‌ಗೆ ತಿರುಗಿಸಿದ ಕೂಡಲೇ ಗಾಡಿಗೆ ಜೀವ ಬರುತ್ತದೆ. ಕಸವೆಲ್ಲ ತಳದಲ್ಲಿಯೇ ಇರುವುದರಿಂದ ಆ ಭಾಗವೂ ಬೇಗ ಕಟ್ಟಿಕೊಳ್ಳುತ್ತದೆ. ಮೂರು ಕಿಲೋಮೀಟರಿನ ಲೆಕ್ಕ ಅಲ್ಲಿಗೆ ಕೂಡುತ್ತದೆ.

ಅಣ್ಣನವರೇ, ಇದಕ್ಕೆ ಖಂಬಾಟಕಿವರೆಗೆ ಹೋಗಬೇಕಾಗಿಲ್ಲ, ಮನೆಯಂಗಳದಲ್ಲಿಯೇ ಪರೀಕ್ಷೆ ಮಾಡಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಹತ್ತಿರದಲ್ಲಿ ದೇವರ ದೀಪ ಊದಿನಕಡ್ಡಿ ಯಾವುದೂ ಇಲ್ಲದ ಕಡೆ, ಕಾರ್ಬುರೇಟರಿನ ತುದಿಯಿಂದ ಪೈಪು ಕಳಚಿ ಅಳತೆಯ ಗೆರೆಗಳಿರುವ ಡಬ್ಬಿಗೆ ಪೆಟ್ರೋಲ್ ಬಿಡಿ. ನಿಮಿಷಕ್ಕೆ ಎಷ್ಟು ಬಂತೆಂದು ಬರೆದಿಡಿ, ಕಾಕ್ ಮುಚ್ಚದೆ ಡಬ್ಬಿ ಬದಲಿಸುತ್ತ ಟ್ಯಾಂಕಿನ ಅರ್ಧದಷ್ಟಾದರೂ ಇಳಿಸಿ. ಲೆಕ್ಕ ನೋಡಿ: ಘಟ್ಟದಲ್ಲಿ ಲೀಟರಿಗೆ 25 ಕಿಲೋಮೀಟರ್ ಕೊಟ್ಟು 60ರ ವೇಗದಲ್ಲಿ ಹೋಗುವ ಗಾಡಿಗೆ ಗಂಟೆಗೆ 2.4 ಲೀಟರು, ಅಂದರೆ ನಿಮಿಷಕ್ಕೆ 40 ಮಿಲಿಲೀಟರು ಬೇಕು. ಕಾಕ್ ಚೆನ್ನಾಗಿದ್ದರೆ ಅದರ ಹಲವು ಪಟ್ಟು ಹರಿಯಬೇಕು.

ಕೊಥ್ರೂಡಿನ ಧಾರವಾಡಿಗ (ಪುಣೆ)

ಭಾನುವಾರ ಎರಡೂ ಪರೀಕ್ಷೆಗಳು ಮುಗಿದವು. ಬೆಳಿಗ್ಗೆ ಬೇಗನೆ ಘಟ್ಟಕ್ಕೆ ಹೋದೆ. ಹೋದ ಕೆಲಸವನ್ನು ಗಾಡಿ ಚಾಚೂ ತಪ್ಪದೆ ಮಾಡಿತು: ಮೂರನೆಯ ತಿರುವಿನಲ್ಲಿ ಕೆಮ್ಮಿ ನಿಂತಿತು. ಕಿಡಿ ದಪ್ಪವಾಗಿ, ನೀಲಿಯಾಗಿ ಬಂತು. ಮುಚ್ಚಳ ತೆರೆದಾಗ ಗಾಳಿಯ ಸದ್ದಿಲ್ಲ. ಒದ್ದೆ ಬಟ್ಟೆಯಿಂದ ಏನೂ ಪ್ರಯೋಜನವಾಗಲಿಲ್ಲ. ಫ್ಲೋಟ್ ಬೌಲಿನ ಬಿರಡೆ ಬಿಚ್ಚಿದರೆ ಒಂದು ಚಮಚದಷ್ಟೂ ಪೆಟ್ರೋಲ್ ಇರಲಿಲ್ಲ.

ಸಂಜೆ ಸೊಸೈಟಿಯ ಹಿಂಭಾಗದಲ್ಲಿ ಡಬ್ಬಿ ಹಿಡಿದು ಕುಳಿತೆ. ಮೊದಲ ನಿಮಿಷ 410 ಮಿಲಿಲೀಟರು. ಎರಡನೆಯದು 390. ಐದನೆಯ ನಿಮಿಷದ ಹೊತ್ತಿಗೆ 240ಕ್ಕೆ ಇಳಿದಿತ್ತು, ಒಂಬತ್ತನೆಯದರಲ್ಲಿ 70. ಹನ್ನೊಂದನೆಯ ನಿಮಿಷದಲ್ಲಿ ಧಾರೆ ಕಡಿದು ಹನಿ ಹನಿಯಾಯಿತು. ಟ್ಯಾಂಕಿನಲ್ಲಿ ಆಗ ಇನ್ನೂ ಏಳೆಂಟು ಲೀಟರ್ ಉಳಿದಿತ್ತು. ಕಾಕ್ ಮುಚ್ಚಿ ಚಹಾ ಕುಡಿದು ಬಂದು ಮತ್ತೆ ತೆರೆದರೆ 380. ಘಟ್ಟದಿಂದ ಬಂದ ಮೇಲೆ ಎಂಜಿನ್ ಮುಟ್ಟಿರಲಿಲ್ಲ, ಕೈಯಿಟ್ಟರೆ ಕಲ್ಲಿನಂತೆ ತಣ್ಣಗಿತ್ತು. ಎಂಟು ತಿಂಗಳು ನಾನು ತಣ್ಣಗಾಗಲೆಂದು ಕಾಯುತ್ತಿದ್ದುದಕ್ಕೆ ಅರ್ಥವೇ ಇರಲಿಲ್ಲವೆಂದು ತಿಳಿದು, ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಸುಮ್ಮನೆ ಕುಳಿತೆ.

ಡೊಂಬಿವಲಿಯ ಹಳೇ ಫಿಟ್ಟರ್ (ಮುಂಬೈ)

ಕಾಯುತ್ತಿದ್ದುದಕ್ಕೆ ಅರ್ಥವಿತ್ತು, ಆದರೆ ಬೇರೆಯ ಅರ್ಥ. ನಿಮ್ಮ ಟ್ಯಾಂಕಿನಲ್ಲಿ ಹಗುರಾದ, ಚಪ್ಪಟೆಯಾದ ಚೂರುಗಳು ತೇಲಾಡುತ್ತಿವೆ. ಒಂದು ಗಂಟೆ ಬಿಡದೆ ಹರಿದಾಗ ಹರಿವಿನ ಸೆಳೆತಕ್ಕೆ ಒಂದೊಂದಾಗಿ ಬಂದು ಜಾಲರಿಗೆ ಅಂಟಿಕೊಳ್ಳುತ್ತವೆ. ಎಂಜಿನ್ ನಿಂತರೆ ಸೆಳೆತ ತಪ್ಪುತ್ತದೆ, ಚೂರುಗಳು ಕಳಚಿ ಮತ್ತೆ ತಳಕ್ಕೆ ಇಳಿಯುತ್ತವೆ. ಅದಕ್ಕೆ ಬೇಕಾಗುವ ಹೊತ್ತೂ ಎಂಜಿನ್ ತಣ್ಣಗಾಗುವ ಹೊತ್ತೂ ಹೆಚ್ಚು ಕಡಿಮೆ ಒಂದೇ ಆದ್ದರಿಂದ, ನೀವೂ ಮೋಸಹೋದಿರಿ, ಮೇಸ್ತ್ರಿಗಳೂ ಮೋಸಹೋದರು, ದೂರದಿಂದ ನಾನೂ ಅರ್ಧ ಮೋಸಹೋಗಿದ್ದೆ. ಊರೊಳಗೆ ಸಿಗ್ನಲ್ಲಿಗೊಮ್ಮೆ, ತರಕಾರಿ ಅಂಗಡಿಗೊಮ್ಮೆ ನಿಲ್ಲಿಸುವುದರಿಂದ ಜಾಲರಿ ತಾನೇ ತೊಳೆದುಕೊಳ್ಳುತ್ತಿತ್ತು. ಘಟ್ಟದಲ್ಲಿ ಥ್ರಾಟಲ್ ಪೂರ್ತಿ ತಿರುವಿರುತ್ತದೆ. ಗಾಡಿ ಮೂತಿ ಎತ್ತಿಕೊಂಡು ಏರುವಾಗ ತಳದ ಕಸವೆಲ್ಲ ಹಿಂದೆ, ಕಾಕ್ ಇರುವ ಕಡೆಗೇ ಜಾರುತ್ತದೆ.

ಇನ್ನು ಆ ಚೂರುಗಳು ಯಾವುವು ಎಂಬುದನ್ನು ಟ್ಯಾಂಕ್ ಇಳಿಸಿ ನೋಡಬೇಕು. ಬರೀ ತುಕ್ಕಾಗಿದ್ದರೆ ಭಾರಕ್ಕೆ ತಳ ಹಿಡಿಯುತ್ತದೆ, ಇಷ್ಟು ಸಲೀಸಾಗಿ ತೇಲುವುದಿಲ್ಲ.

ಕೊಥ್ರೂಡಿನ ಧಾರವಾಡಿಗ (ಪುಣೆ)

ರಾಯರೇ, ಟ್ಯಾಂಕ್ ಇಳಿಸಿದೆ. ಕಾಕಿನ ಜಾಲರಿಗೆ ಹಪ್ಪಳದ ಚೂರಿನಂಥ, ಉಗುರಿಗಿಂತ ತೆಳುವಾದ, ಹಳದಿ ಮಿಶ್ರಿತ ಬಿಳಿಯ ಸಿಪ್ಪೆಗಳು ಮೆತ್ತಿಕೊಂಡಿದ್ದವು. ಒಂದನ್ನು ಬೆರಳಲ್ಲಿ ಹಿಸುಕಿದರೆ ಮುರಿಯದೆ ಬಾಗಿತು. ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಬಲಗಡೆಯ ಗೋಡೆಯ ಮೇಲೆ ಅದೇ ಬಣ್ಣದ ಪದರು ಗುಳ್ಳೆಯೆದ್ದು, ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ.

ಊರಿಗೆ ಫೋನ್ ಮಾಡಿ ಕೇಳಿದಾಗ ತಂದೆಯವರು ನೆನಪಿಸಿಕೊಂಡರು: 2016ರಲ್ಲಿ ತುಕ್ಕು ತೆಗೆದವನು ಸೂಜಿತೂತುಗಳು ಮುಚ್ಚಲೆಂದು ಒಳಗೆ ಎರಡು ದ್ರವ ಬೆರೆಸಿ ಸುರಿದು, ಟ್ಯಾಂಕನ್ನು ತಿರುಗಿಸಿ ತಿರುಗಿಸಿ ಲೇಪನ ಮಾಡಿದ್ದನಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಗಟ್ಟಿಯಾಗಿ ನಿಂತ ಲೇಪನ ಈಗ ಏಕೆ ಏಳಬೇಕು?

ವಾಸ್ಕೋದ ಯೆಜ್ಡಿ (ಗೋವಾ)

ಆವಿಯ ವಾದದಲ್ಲಿ ಸೋತೆ, ಒಪ್ಪುತ್ತೇನೆ. ಆದರೆ ಎಥನಾಲ್ ಎಂದು ಮೊದಲು ಕೂಗಿದವನು ನಾನೇ ಎಂಬುದನ್ನು ದಾಖಲಿಸಿಕೊಳ್ಳಿ. ಹಳೆಯ ಲೇಪನಗಳಲ್ಲಿ ಹಲವು ಎಥನಾಲಿಗೆ ತಡೆಯುವುದಿಲ್ಲ. ಮೆತ್ತಗಾಗುತ್ತವೆ, ತಗಡಿನ ಹಿಡಿತ ಬಿಡುತ್ತವೆ. ನೀವು ಹಿಸುಕಿದ ಸಿಪ್ಪೆ ಮುರಿಯದೆ ಬಾಗಿದ್ದೇ ಅದಕ್ಕೆ ಸಾಕ್ಷಿ. ಹಳೆಯ ರಬ್ಬರ್ ಪೈಪು, ಫ್ಲೋಟ್ ಬೌಲಿನ ಗ್ಯಾಸ್ಕೆಟ್, ಕಾಕಿನೊಳಗಿನ ರಬ್ಬರ್ ಇವುಗಳಿಗೂ ಇದೇ ಗತಿ, ಅವನ್ನೂ ಈಗಲೇ ಬದಲಿಸಿಬಿಡಿ.

ಟ್ಯಾಂಕಿಗೆ ಎಥನಾಲ್ ತಾಳುವ ಹೊಸ ಲೇಪನ ಮಾಡಿಸಿ ಎಂಬುದು ನನ್ನ ಸಲಹೆ. ಕಡಲ ಉಪ್ಪುಗಾಳಿಯಲ್ಲಿ ಬರಿಯ ತಗಡು ಬಿಟ್ಟರೆ ಒಂದೇ ಮಳೆಗಾಲಕ್ಕೆ ಮುಗಿಯಿತು.

ಭೋಸರಿ ಲೇತ್ (ಪುಣೆ)

ವಾಸ್ಕೋಗೆ ಸರಿಯಾದದ್ದು ಪುಣೆಗೂ ಸರಿಯಾಗಬೇಕೆಂದಿಲ್ಲ. ನನ್ನ ಮತದಲ್ಲಿ, ತಗಡು ಗಟ್ಟಿಯಿದ್ದರೆ ಲೇಪನವೇ ಬೇಡ. ಇಂದಿನ ಲೇಪನ ಇನ್ನು ಹತ್ತು ವರ್ಷಕ್ಕೆ ಇದೇ ಕಥೆ ಹೇಳುತ್ತದೆ. ತಗಡು ತೂತಾಗಿದ್ದರೆ ತೂತನ್ನು ಮುಚ್ಚಿಸಬೇಕು, ಅದರ ಮೇಲೆ ಬಣ್ಣ ಬಳಿದು ಮರೆಯಬಾರದು.

ಹಳೆಯದನ್ನು ತೆಗೆಯುವ ಕ್ರಮ ಹೇಳುತ್ತೇನೆ. ಕಾಕ್ ಬಿಚ್ಚಿ ತೂತಿಗೆ ಬಿರಡೆ ಹಾಕಿ, ಅರ್ಧ ಲೀಟರಿನಷ್ಟು ಅಸಿಟೋನ್ ಸುರಿದು, ಹೊರಗಿನ ಬಣ್ಣಕ್ಕೆ ತಾಗದಂತೆ ಬಾಯಿ ಬಿಗಿದು, ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತ ಒಂದು ದಿನ ಇಡಿ. ಅದರಲ್ಲಿ ಬೆರಳೆಣಿಕೆಯ ಹಳೆಯ ನಟ್ಟುಗಳನ್ನೋ ಒಂದು ತುಂಡು ಹಳೆಯ ಚೈನನ್ನೋ ಹಾಕಿ ಕುಲುಕಿದರೆ ಪದರು ಹಾಳೆ ಹಾಳೆಯಾಗಿ ಬರುತ್ತದೆ. ಹಾಕಿದ ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಆಮೇಲೆ ಉಳಿದ ತುಕ್ಕಿಗೆ ಬಿಳಿ ವಿನೆಗರ್ ಎರಡು ಮೂರು ದಿನ ಸಾಕು. ನಿಧಾನ, ಆದರೆ ತಗಡನ್ನು ತಿನ್ನುವ ಭಯ ಕಡಿಮೆ. ಹೊರಗೆ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಕೂಡಲೇ ಬಿಸಿಗಾಳಿಯಿಂದ ಒಣಗಿಸಿ, ಒಣಗಿದ ಕ್ಷಣವೇ ಸ್ವಲ್ಪ ಎಂಜಿನ್ ಎಣ್ಣೆ ಸುತ್ತಾಡಿಸಿ. ತೊಳೆದು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಒಳಗೆಲ್ಲ ಕೇಸರಿ ಬಣ್ಣ ಕಾಣುತ್ತೀರಿ.

ಬೆಸುಗೆಯ ಬಗ್ಗೆ ಒಂದು ಎಚ್ಚರಿಕೆ. ಪೆಟ್ರೋಲ್ ಇದ್ದ ಟ್ಯಾಂಕ್ ಎಷ್ಟು ವರ್ಷ ಖಾಲಿ ಬಿದ್ದಿದ್ದರೂ ಅದರ ಮೂಲೆಗಳಲ್ಲಿ ಆವಿ ಉಳಿದಿರುತ್ತದೆ, ಉರಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ. ಚೆನ್ನಾಗಿ ತೊಳೆದು, ಬೆಸೆಯುವ ಜಾಗವೊಂದನ್ನು ಬಿಟ್ಟು ಉಳಿದಷ್ಟು ನೀರು ತುಂಬಿಸಿದ ಮೇಲೆಯೇ ಕೆಲಸ ಶುರುಮಾಡುವವರ ಬಳಿ ಮಾತ್ರ ಕೊಡಿ. ಏನೂ ಆಗುವುದಿಲ್ಲ ಎನ್ನುವವನ ಅಂಗಡಿಯಿಂದ ಟ್ಯಾಂಕ್ ಎತ್ತಿಕೊಂಡು ಬನ್ನಿ.

ಡೊಂಬಿವಲಿಯ ಹಳೇ ಫಿಟ್ಟರ್ (ಮುಂಬೈ)

ನಾನೂ ಲೇಪನ ಬೇಡವೆನ್ನುವವರ ಪಕ್ಷ. ಜೊತೆಗೆ ಒಂದು ಮಾತು: ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿಯಾದರೆ ಎಥನಾಲಿಗೆ 9. ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ, ಹಳೆಯ ಲೆಕ್ಕದಲ್ಲಿಯೇ ಬಡಿಸುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಟ್ಯಾಂಕ್ ಸರಿಯಾದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಮುಟ್ಟಬೇಡಿ, ಸುಣ್ಣದಂತೆ ಬೆಳ್ಳಗಿದ್ದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪಾದ ಮೇನ್ ಜೆಟ್ಟನ್ನು ಒಂದು ಅಳತೆ ಮೇಲಕ್ಕೆ ಹಾಕಿ.

ಕಲಿಯುತ್ತಿರುವವಳು (ಠಾಣೆ)

ನನ್ನ ಪ್ರಶ್ನೆಯಿಂದ ಉಪಯೋಗವಾಯಿತೆಂದು ಸಂತೋಷ. ಈಗ ಸ್ವಾರ್ಥದ ಮೂರು ಪ್ರಶ್ನೆಗಳಿವೆ. ಶಿವಮೊಗ್ಗದ ಕೆಎ-14ರ ನೋಂದಣಿ ಫಲಕವನ್ನು ಇಲ್ಲಿ ಎಷ್ಟು ದಿನ ಇಟ್ಟುಕೊಳ್ಳಬಹುದು? ದೂರ ಪ್ರಯಾಣಕ್ಕೆ ಏನೇನು ಕೊಂಡೊಯ್ಯಬೇಕು? ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ: ನನಗೆ ಇನ್ನೂ ಕಿಕ್ ಹೊಡೆಯಲು ಬರುವುದಿಲ್ಲ. ಎರಡು ಸಲ ಕಿಕ್ ತಿರುಗಿ ಒದ್ದು ಮೊಣಕಾಲು ಊದಿದೆ.

ಭೋಸರಿ ಲೇತ್ (ಪುಣೆ)

ಫಲಕದ ವಿಷಯ ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ, ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ಗಾಡಿಗೆ ಅಲ್ಲಿನ ನೋಂದಣಿ ಮಾಡಿಸಬೇಕು. ಶಿವಮೊಗ್ಗದ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಮೊದಲು ತನ್ನಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದರ ಅವಧಿ ಮುಗಿದಿದ್ದರೆ ಊರಿನಲ್ಲಿಯೇ ಮುಗಿಸಿಕೊಂಡು ಬರುವುದು ಲೇಸು.

ಡೊಂಬಿವಲಿಯ ಹಳೇ ಫಿಟ್ಟರ್ (ಮುಂಬೈ)

ಮಗಳೇ, ಕಿಕ್ಕಿನಲ್ಲಿ ಬಲದ ಕೆಲಸವಿಲ್ಲ. ಸ್ವಿಚ್ ಹಾಕಿ, ಕಿಕ್ಕನ್ನು ನಿಧಾನವಾಗಿ ಒತ್ತುತ್ತ ಹೋಗಿ. ಒಂದು ಕಡೆ ಗೋಡೆಗೆ ತಾಗಿದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಸಿಲಿಂಡರಿನ ಒತ್ತಡ ಬಿಡಿಸುವ ಎಡಗೈಯ ಡಿಕಂಪ್ರೆಸರ್ ಎಳೆದು, ವಿದ್ಯುತ್ತಿನ ಹರಿವು ತೋರಿಸುವ ಆಮ್ಮೀಟರಿನ ಮೇಲೆ ಕಣ್ಣಿಟ್ಟು, ಇನ್ನು ಸ್ವಲ್ಪವೇ ಒತ್ತಿ. ಎಡಕ್ಕೆ ವಾಲಿದ್ದ ಮುಳ್ಳು ನಡುವಿಗೆ ಬರುತ್ತದೆ. ಪಿಸ್ಟನ್ ತುದಿ ದಾಟಿತು ಎಂಬುದಕ್ಕೆ ಅದೇ ಗುರುತು. ಡಿಕಂಪ್ರೆಸರ್ ಬಿಟ್ಟು, ಕಿಕ್ಕನ್ನು ಮೇಲಕ್ಕೆ ಬಿಟ್ಟು, ಥ್ರಾಟಲ್ ಮುಟ್ಟದೆ, ಮೈಭಾರವನ್ನೆಲ್ಲ ಹಾಕಿ ಒಂದೇ ಸಲಕ್ಕೆ ಕೊನೆಯವರೆಗೆ ಇಳಿಯಿರಿ. ಅರ್ಧಕ್ಕೆ ಹೆದರಿ ಬಿಟ್ಟರೆ ಒದೆಯುತ್ತದೆ. ಸರಿಯಾಗಿ ಮಾಡಿದ ಮೇಲೂ ಒದ್ದರೆ ತಪ್ಪು ನಿಮ್ಮದಲ್ಲ, ಕಿಡಿಯ ಟೈಮಿಂಗ್ ಮುಂದೆ ಹೋಗಿದೆ; ಅದನ್ನು 350ಕ್ಕೆ ಪಿಸ್ಟನ್ ತುದಿ ತಲುಪುವ 0.8 ಮಿಲಿಮೀಟರ್ ಮೊದಲು ಪಾಯಿಂಟ್ ತೆರೆಯುವಂತೆ ಇಡಿಸಿ. ನನ್ನ ಹೆಂಡತಿ 1979ರಲ್ಲಿ ಕಲಿತದ್ದು ಹೀಗೆಯೇ. ಆಕೆಯ ತೂಕ ಆಗ ನಲವತ್ತೆಂಟು ಕಿಲೋ.

ಕೊಂಡೊಯ್ಯುವುದಕ್ಕೆ ಬಂದರೆ, ನಾನು ಹೆಚ್ಚು ನಂಬುವುದು ಕೇಬಲ್ಲುಗಳ ವಿಷಯದ ಒಂದು ಉಪಾಯವನ್ನು. ಹೊಸ ಕ್ಲಚ್ ಕೇಬಲ್ ಮತ್ತು ಥ್ರಾಟಲ್ ಕೇಬಲ್‌ಗಳನ್ನು ಚೀಲದಲ್ಲಿ ಇಡಬೇಡಿ, ಹಳೆಯದರ ಪಕ್ಕದಲ್ಲಿಯೇ ಎಳೆದು ಕಟ್ಟಿಡಿ. ಮಳೆಯಲ್ಲಿ, ಕತ್ತಲಲ್ಲಿ ತುಂಡಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು. ಪಾಯಿಂಟ್, ಕಂಡೆನ್ಸರ್, ಪ್ಲಗ್, ಫ್ಯೂಸು, ಚೈನಿನ ಲಾಕ್, ಒಂದು ಗಜ ಪೆಟ್ರೋಲ್ ಪೈಪು ಇವು ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಸುತ್ತವೆ. ಟ್ಯೂಬಿನ ಚಕ್ರವಾದ್ದರಿಂದ ಒಂದು ಹೊಸ ಟ್ಯೂಬ್ ಇರಲಿ. ಹೊರಡುವ ಹಿಂದಿನ ರಾತ್ರಿ ಎಂಜಿನ್ ತಣ್ಣಗಿರುವಾಗ ವಾಲ್ವ್ ಎತ್ತುವ ಪುಷ್ ರಾಡ್‌ಗಳನ್ನು ಎರಡು ಬೆರಳಿನಿಂದ ತಿರುಗಿಸಿ ನೋಡಿ. ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಎಣ್ಣೆಯ ಮಟ್ಟವನ್ನು ಮಾತ್ರ ಎಂಜಿನ್ ಕೆಲವು ನಿಮಿಷ ಓಡಿದ ಮೇಲೆ ನೋಡಿ. ನಿಂತ ಗಾಡಿಯಲ್ಲಿ ಎಣ್ಣೆ ತನ್ನ ಮನೆಯಿಂದ ಕ್ರ್ಯಾಂಕಿನ ಕಡೆಗೆ ಸೋರಿಹೋಗಿರುತ್ತದೆ, ಕಡಿಮೆಯಿದೆಯೆಂದು ಮತ್ತೆ ಸುರಿದವರ ಗಾಡಿ ಹೊಗೆ ಕಾರುತ್ತದೆ. ಮಳೆಗಾಲವಾದ್ದರಿಂದ ಇನ್ನೊಂದು: ನೀರು ತುಂಬಿದ ಹಳ್ಳ ದಾಟಿದ ಮೇಲೆ ಡ್ರಮ್ ಬ್ರೇಕು ಕೆಲಸ ಮಾಡುವುದಿಲ್ಲ. ಹಗುರವಾಗಿ ಒತ್ತಿಹಿಡಿದು ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳಿ.

ಕೊಥ್ರೂಡಿನ ಧಾರವಾಡಿಗ (ಪುಣೆ)

ಧಾರವಾಡದಿಂದ ಬರೆಯುತ್ತಿದ್ದೇನೆ. ಅಸಿಟೋನಿನ ಕೆಲಸಕ್ಕೆ ಒಂದಲ್ಲ, ಮೂರು ದಿನ ಬೇಕಾಯಿತು. ಬಲಗಡೆಯ ಪದರು ಹಾಳೆಯಾಗಿ ಬಂತು, ಎಡಗಡೆಯದು ಹಟ ಹಿಡಿಯಿತು. ಇಪ್ಪತ್ತು ನಟ್ಟು ಹಾಕಿ ಹತ್ತೊಂಬತ್ತು ತೆಗೆದು, ಇಪ್ಪತ್ತನೆಯದಕ್ಕಾಗಿ ಅರ್ಧ ಗಂಟೆ ಟ್ಯಾಂಕನ್ನು ತಲೆಯ ಮೇಲೆ ಎತ್ತಿ ಕುಲುಕಿದೆ. ಭೋಸರಿಯವರು ಎಣಿಸಲು ಹೇಳದಿದ್ದರೆ ಅದು ಒಳಗೇ ಉಳಿಯುತ್ತಿತ್ತು. ತಳದ ಅಂಚಿನಲ್ಲಿ ಎರಡು ಸೂಜಿತೂತು ಸಿಕ್ಕವು, ನೀರು ತುಂಬಿಸಿಯೇ ಬೆಸೆಯುವವರನ್ನು ಹುಡುಕಿ ಮುಚ್ಚಿಸಿದೆ. ಹೊಸ ಲೇಪನ ಮಾಡಿಸಿಲ್ಲ. ನಾನಾ ಪೇಠೆಯಿಂದ ಹೊಸ ಕಾಕ್, ಪೈಪು, ಗ್ಯಾಸ್ಕೆಟ್ ತಂದು ಹಾಕಿದೆ. ಪ್ಲಗ್ ಬೆಳ್ಳಗಿತ್ತು, ಜೆಟ್ ಒಂದು ಅಳತೆ ಹೆಚ್ಚಿಸಿದೆ, ಈಗ ಕಾಫಿಪುಡಿಗೆ ಸ್ವಲ್ಪ ಹಾಲು ಬೆರೆತ ಬಣ್ಣವಿದೆ.

ಖಂಬಾಟಕಿಯನ್ನು ಮೂರನೆಯ ಗೇರಿನಲ್ಲಿ, ನಿಲ್ಲದೆ ಏರಿತು. ಹಳೆಯ ಅಭ್ಯಾಸಕ್ಕೆ ಮೂರನೆಯ ತಿರುವಿನಲ್ಲಿ ನನ್ನ ಕೈ ರಿಸರ್ವ್‌ನ ಕಡೆ ಹೋಗಿತ್ತು. ಕರಾಡದಿಂದ ಕೊಲ್ಹಾಪುರದವರೆಗೆ ಎಡೆಬಿಡದ ಮಳೆ, ಬ್ರೇಕಿನ ಬಗ್ಗೆ ರಾಯರು ಹೇಳಿದ್ದು ಎರಡು ಸಲ ನೆನಪಾಯಿತು. ನಿಪ್ಪಾಣಿ ದಾಟಿದ ಮೇಲೆ ಹಿಂದಿನ ಚೈನು ಸಡಿಲಾಗಿ ಸದ್ದು ಮಾಡಿತು, ಬದಿಗೆ ಹಚ್ಚಿ ಚೈನು ಬಿಗಿಸುವ ಎರಡೂ ಕಡೆಯ ಕ್ಯಾಮನ್ನು ಒಂದೊಂದು ಹಲ್ಲು ತಿರುಗಿಸಿದೆ. ಬೇರೆ ಯಾವ ಕಾರಣಕ್ಕೂ ಉಪಕರಣ ಹೊರಗೆ ತೆಗೆಯಲಿಲ್ಲ.

ಇಂದು ಬೆಳಿಗ್ಗೆ ಅಂಗಳದಲ್ಲಿ ಕಾಕ್ ಬಿಚ್ಚಿ, ಜಾಲರಿಯನ್ನು ಒಂದು ಬಿಳಿ ಬಸಿಯ ಮೇಲೆ ಕೊಡವಿದೆ. ಎಳ್ಳಿನ ಗಾತ್ರದ ಮೂರು ಚೂರುಗಳು ಬಿದ್ದವು, ಎಡಗೋಡೆಯಲ್ಲಿ ಉಳಿದ ಪದರಿನವೇ ಇರಬೇಕು. ಶೇಂಗಾ ಉಂಡಿ ತಂದಿಟ್ಟ ಬಸಿಯಲ್ಲಿ ಇದೇನು ಮಾಡುತ್ತಿದ್ದೀಯೆಂದು ಅವ್ವ ಬೈದಳು. ತಂದೆಯವರು ಕನ್ನಡಕ ಹಾಕಿಕೊಂಡು ಮೂರನ್ನೂ ನೋಡಿ, ಪುಣೆಗೆ ಮರಳಿದ ಮೇಲೆ ಇನ್ನೊಮ್ಮೆ ಬಿಚ್ಚಿ ನೋಡು ಎಂದರು.